ಅಲ್ಪಪ್ರಾಣ, ಮಹಾಪ್ರಾಣ

ತೆಂಗಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಒಂದು ಚಾಳಿಯುಂಟು. ಯಾವ ಊರಿಗೆ ಹೋದರೂ ಮೊದಲು ಕತ್ತೆತ್ತಿ ಮರ ನೋಡುತ್ತಾರೆ. ದೇವಸ್ಥಾನದ ಗೋಪುರ, ಅರಮನೆಯ ಕಳಸ, ಅವೆಲ್ಲ ಆಮೇಲಿನ ಮಾತು. ಮರದಲ್ಲಿ ಗೊನೆ ಎಷ್ಟಿದೆ, ಗರಿ ಹಳದಿಗಟ್ಟಿದೆಯೆ, ಕಾಯಿ ಉದ್ದವೊ ಗುಂಡೊ, ನುಸಿ ಬಿದ್ದಿದೆಯೊ ಇಲ್ಲವೊ ಎಂಬುದೆಲ್ಲ ತೀರ್ಮಾನವಾದ ಮೇಲೆಯೇ ಆ ಊರಿನ ಯೋಗ್ಯತೆಯ ವಿಚಾರ. ನಾನು ಅಮ್ಮಸಂದ್ರದವನು. ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲು ಸಂಪಿಗೆ ರೋಡನ್ನು ಬಿಟ್ಟು ಮುಂದೆ ಸಾಗಿದ ಮೇಲೆ, ತೋಟಗಳ ನಡುವೆ ಒಂದು ಸಿಮೆಂಟು ಕಾರ್ಖಾನೆ ತಲೆಯೆತ್ತಿ ನಿಂತಿರುವುದು ಕಾಣಿಸಿದರೆ ಅದೇ ನಮ್ಮ ಊರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿ ದುಡಿದು, ಈಗ ಎರಡು ಎಕರೆ ತೋಟವನ್ನು ನೋಡಿಕೊಳ್ಳುತ್ತಿದ್ದೇನೆ. ಅಥವಾ ತೋಟವೇ ನನ್ನನ್ನು ನೋಡಿಕೊಳ್ಳುತ್ತಿದೆ ಎಂದರೂ ಆಗಬಹುದು.

2023ರ ಡಿಸೆಂಬರಿನಲ್ಲಿ ಬ್ಯಾಂಕಾಕಿನಲ್ಲಿರುವ ಮಗನನ್ನು ನೋಡಲು ಹೊರಟಾಗ ಪೆಟ್ಟಿಗೆಯಲ್ಲಿ ಇಪ್ಪತ್ತು ಉಂಡೆ ಕೊಬ್ಬರಿ ಇಟ್ಟುಕೊಂಡಿದ್ದೆ. ನಮ್ಮ ಕಡೆಯವರು ಕೊಬ್ಬರಿಯಿಲ್ಲದೆ ಇನ್ನೊಬ್ಬರ ಮನೆಗೆ ಹೋಗುವುದೆಂತು? ಕೊಬ್ಬರಿ ಒಂದು ದಿನದಲ್ಲಿ ಆಗುವ ಪದಾರ್ಥವಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗಿನಿಂದ ಸದ್ದು ಬರುತ್ತದೆ. ಆಗ ಅದು ಗಿಟುಕು. ಆ ವರ್ಷ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿತ್ತು; ತಿಪಟೂರಿನ ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಕಡಮೆಗೆ ಮಾರಿ, ಬರಿಗೈ ಕೊಡವಿಕೊಂಡು ಬಂದವರ ಪೈಕಿ ನಾನೂ ಒಬ್ಬ. ಇಂಥ ಕೊಬ್ಬರಿಯನ್ನು ವಿಮಾನ ನಿಲ್ದಾಣದಲ್ಲಿ ತಡೆದು ಹೊರಗೆ ತೆಗೆಸಿದರು. ಅದರಲ್ಲಿ ಎಣ್ಣೆಯಿದೆಯಂತೆ, ಹೊತ್ತಿಕೊಂಡೀತಂತೆ, ವಿಮಾನದಲ್ಲಿ ಒಯ್ಯಕೂಡದಂತೆ. ಪಟಾಕಿ ಸೀಮೆಎಣ್ಣೆಗಳ ಸಾಲಿನಲ್ಲಿ ನಮ್ಮ ಕೊಬ್ಬರಿ! ಮಂಡಿಯಲ್ಲಿ ಯಾರೂ ಮೂಸಿ ನೋಡದ ಪದಾರ್ಥಕ್ಕೆ ಇಲ್ಲಿ ಇಷ್ಟೊಂದು ಹೆದರುವವರಿದ್ದಾರಲ್ಲ ಎಂದು ಒಂದು ಬಗೆಯ ಹೆಮ್ಮೆಯೇ ಆಯಿತು. ಅಂತೂ ಬರಿಗೈಯಲ್ಲಿ ವಿಮಾನ ಹತ್ತಿದೆ.

ಬರಿಗೈಯಲ್ಲಿ ಹೋಗುವುದಕ್ಕೆ ನನಗೆ ಬೇರೆ ಅಳುಕೂ ಇತ್ತು. ಅದನ್ನು ಹೇಳದೆ ಮುಂದಿನ ಮಾತು ಅರ್ಥವಾಗದು.

2021ರ ಮೇ ತಿಂಗಳ ಮೊದಲ ವಾರದಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ನನ್ನ ಮನೆಯಾಕೆ ತೀರಿಕೊಂಡಳು. ಮಗ ಆಗ ಬ್ಯಾಂಕಾಕಿಗೆ ಹೋಗಿ ಆರು ವರ್ಷವಾಗಿತ್ತು. ನಮ್ಮ ದೇಶಕ್ಕೆ ಹೊರಗಿನಿಂದ ಬರುವ ಮಾಮೂಲು ವಿಮಾನಗಳೆಲ್ಲ 2020ರ ಮಾರ್ಚಿನಿಂದಲೇ ನಿಂತಿದ್ದವು. ಯಾರನ್ನೋ ಕಾಡಿ ಬೇಡಿ ವಿಶೇಷ ವಿಮಾನವೊಂದನ್ನು ಹಿಡಿದು ಬರುವ ಹೊತ್ತಿಗೆ ಇಲ್ಲಿ ಏನು ಉಳಿದಿರುತ್ತಿತ್ತು? ನನ್ನ ತಮ್ಮನ ಮಗ ಕೊಳ್ಳಿ ಇಟ್ಟ. ಮಗ ಟೆಲಿಫೋನಿನ ಅಂಗೈಯಗಲದ ಗಾಜಿನಲ್ಲಿ ತಾಯಿಯ ಕಡೆಯ ಮುಖವನ್ನು ನೋಡಿದ. ಇದರಲ್ಲಿ ಅವನ ತಪ್ಪೇನೂ ಇಲ್ಲವೆಂಬುದು ನನಗೆ ಆಗಲೂ ಗೊತ್ತಿತ್ತು. ಆದರೂ ಮೂರನೆಯ ದಿನವೊ ನಾಲ್ಕನೆಯ ದಿನವೊ ಅವನು ಫೋನು ಮಾಡಿ, “ಊಟ ಮಾಡಿದಿರಾ ಅಪ್ಪಾ?” ಎಂದು ಕೇಳಿದಾಗ, “ನಮ್ಮದು ಹೇಗೊ ಆಗುತ್ತೆ. ನಿನಗೇನಪ್ಪ, ಅಲ್ಲಿ ಎಲ್ಲ ಯಥಾಪ್ರಕಾರ ನಡೆದುಕೊಂಡು ಹೋಗುತ್ತಿರುತ್ತೆ” ಎಂದುಬಿಟ್ಟೆ. ಅವನು ಏನೂ ಹೇಳಲಿಲ್ಲ. ಮಾತನ್ನು ತೂಕ ಹಾಕಿ ಆಡಬೇಕೆಂದು ತಲೆಮಾರುಗಟ್ಟಲೆ ಮಕ್ಕಳಿಗೆ ಪಾಠ ಹೇಳಿದವನು ನಾನು! ಆಮೇಲೂ ಅವನು ತಪ್ಪದೆ ಭಾನುವಾರ ಭಾನುವಾರ ಫೋನು ಮಾಡುತ್ತಿದ್ದ. ವಿಮಾನ ಬಿಟ್ಟ ಮೇಲೆ ಒಂದು ಸಲ ಊರಿಗೂ ಬಂದು ನಾಲ್ಕು ದಿನ ಇದ್ದು ಹೋದ. ಮಳೆ, ಕಾಯಿ ಬೆಲೆ, ರಕ್ತದೊತ್ತಡದ ಮಾತ್ರೆ, ಈ ಮೂರನ್ನು ದಾಟಿ ನಮ್ಮ ಮಾತು ಮುಂದೆ ಹೋಗುತ್ತಿರಲಿಲ್ಲ.

ಬ್ಯಾಂಕಾಕು ಬೆಂಗಳೂರಿನಿಂದ ನಾಲ್ಕು ಗಂಟೆಯ ಹಾದಿ. ಅಮ್ಮಸಂದ್ರದಿಂದ ಬೆಂಗಳೂರಿನ ವಿಮಾನ ನಿಲ್ದಾಣ ಮುಟ್ಟುವುದಕ್ಕೂ ಹೆಚ್ಚು ಕಡಮೆ ಅಷ್ಟೇ ಹೊತ್ತು ಹಿಡಿಯಿತು. ಇಳಿದು ಊರೊಳಗೆ ಹೋಗುವಾಗ ಎಂದಿನಂತೆ ಕತ್ತೆತ್ತಿದೆ. ತೆಂಗು ಇತ್ತು! ಆದರೆ ಆ ಜನ ತೆಂಗನ್ನು ಬಳಸುವ ರೀತಿಯೇ ಬೇರೆ. ನಮ್ಮಂತೆ ಅಟ್ಟದಲ್ಲಿಟ್ಟು ಒಂದು ವರ್ಷ ಕಾಯುವ ತಾಳ್ಮೆ ಅಲ್ಲಿಯ ಅಡಿಗೆಗೆ ಬೇಕಿಲ್ಲ. ಹಸಿಕಾಯಿ ತುರಿದು, ಹಿಂಡಿ, ಹಾಲು ತೆಗೆದು, ಆ ಹಾಲಿನಲ್ಲಿಯೇ ಸಾರು ಹುಳಿ ಪಾಯಸಗಳನ್ನೆಲ್ಲ ಮಾಡುತ್ತಾರೆ. ಕಾಯಿಹಾಲಿಗೆ ಅವರ ಮಾತು ‘ಕಥಿ’. ನಮ್ಮ ಮನೆಯಲ್ಲಿ ಒತ್ತುಶಾವಿಗೆ ಮಾಡಿದ ದಿನ ಮಾತ್ರ, ಬೆಲ್ಲ ಏಲಕ್ಕಿ ಹಾಕಿ, ಕಾಯಿಹಾಲು ಹಿಂಡುತ್ತಿದ್ದೆವು. ಅಲ್ಲಿ ಅದು ದಿನನಿತ್ಯದ ಅನ್ನದ ಜೊತೆ. ಕಾಯಿ ತುರಿಯುವುದಕ್ಕೆ ಅವರದೂ ಒಂದು ಮಣೆ. ಅದರ ಮೇಲೆ ಕುಳಿತು, ಮುಂದಕ್ಕೆ ಚಾಚಿದ ಹಲ್ಲಿನಿಂದ ತುರಿಯಬೇಕು. ಅದಕ್ಕೆ ‘ಕ್ರತಾಯ್’ ಎಂದು ಹೆಸರು, ಹಾಗೆಂದರೆ ಮೊಲ. ಹಳೆಯ ಕಾಲದಲ್ಲಿ ಆ ಮಣೆಯನ್ನು ಮೊಲದ ಆಕಾರದಲ್ಲಿಯೇ ಕೆತ್ತುತ್ತಿದ್ದರಂತೆ. ನಮ್ಮ ಈಳಿಗೆಮಣೆಗೆ ಇಷ್ಟು ಶತಮಾನಗಳಾದರೂ ಯಾರೂ ಒಂದು ಪ್ರಾಣಿಯ ಹೆಸರಿಡಲಿಲ್ಲವಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಮಗ ರಜೆ ಹಾಕಿ ಊರು ತೋರಿಸಿದ. ಸೀಲೋಂ ರಸ್ತೆಯಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ತಮಿಳರು ಕಟ್ಟಿದ ಮಾರಿಯಮ್ಮನ ಗುಡಿಯಿದೆ. ಅಲ್ಲಿಯ ಜನ ಅದನ್ನು ‘ವಾತ್ ಖೇಕ್’ ಎನ್ನುತ್ತಾರೆ. ‘ಖೇಕ್’ ಎಂದರೆ ಅತಿಥಿ. ನಮ್ಮ ದೇಶದವರಿಗೂ ಆಡುಮಾತಿನಲ್ಲಿ ಅದೇ ಹೆಸರು. ಅಲ್ಲಿ ಒಂದು ಕಾಯಿ ಒಡೆಸಿದೆ. ಮಾತುಗಳಂತೂ ಹೆಜ್ಜೆ ಹೆಜ್ಜೆಗೂ ಸಂಸ್ಕೃತದ ನೆಂಟರು. ಊಟಕ್ಕೆ ‘ಆಹಾನ್’, ನಮ್ಮ ಆಹಾರವೇ; ಕಡೆಯ ರಕಾರಕ್ಕೆ ಅಲ್ಲಿ ನಾಲಗೆ ಹೊರಳದು. ಉಪಾಧ್ಯಾಯನಿಗೆ ‘ಖ್ರೂ’, ಗುರು ಶಬ್ದದ ತದ್ಭವ. ಬೋರ್ಡು ಕಂಡಲ್ಲೆಲ್ಲ ಮಗನಿಂದ ಓದಿಸಿ ಧಾತು ಹುಡುಕುತ್ತ ನಿಂತುಬಿಡುತ್ತಿದ್ದೆ. ಅವನು ತಾಳ್ಮೆಯಿಂದ ಕಾಯುತ್ತಿದ್ದ, ಬೇರೆಯವರ ಮಗನಂತೆ.

ಅವನ ಮನೆಯಿದ್ದದ್ದು ಚರೋನ್ ಕ್ರುಂಗ್ ರಸ್ತೆಯ ಒಂದು ಒಳಗಲ್ಲಿಯಲ್ಲಿ. ಇದು ಮಂಗ್‍ಕುಟ್ ಎಂಬ ದೊರೆ ಮಾಡಿಸಿದ ರಸ್ತೆ, 1864ರಲ್ಲಿ ಮುಗಿಯಿತು. ಅದಕ್ಕೆ ಮೊದಲು ಆ ಊರಿನಲ್ಲಿ ಓಡಾಟವೆಲ್ಲ ಬಹುಮಟ್ಟಿಗೆ ಕಾಲುವೆಗಳ ಮೇಲೆ, ದೋಣಿಗಳಲ್ಲಿ. ಆ ರಸ್ತೆಯ ಎರಡು ಪಕ್ಕಕ್ಕೂ ಚೀಣದಿಂದ ಬಂದು ನೆಲೆಸಿದವರ ಅಂಗಡಿಗಳು ಬೆಳೆದವು. ಅವರ ಜೊತೆಯಲ್ಲಿಯೇ ಸುಟ್ಟ ಬಾತೂ ಬಂದಿತು. ಪ್ರಚಕ್ ಎಂಬ ಬಾತಿನ ಹೋಟೆಲೊಂದು ಇದೇ ರಸ್ತೆಯಲ್ಲಿ ನೂರು ವರ್ಷ ದಾಟಿ ನಡೆಯುತ್ತಿದೆ. ನಾನು ಹೇಳಹೊರಟಿರುವುದು ಅಷ್ಟು ಹೆಸರಾದದ್ದಲ್ಲ. ಅವನ ಗಲ್ಲಿಯ ಬಾಯಲ್ಲಿದ್ದ, ಆರೇಳು ಮೇಜುಗಳ, ಬಾಗಿಲೇ ಇಲ್ಲದ ಒಂದು ಅಂಗಡಿ. ಮುಂದೆ ಗಾಜಿನ ಪೆಟ್ಟಿಗೆ. ಅದರಲ್ಲಿ ಕೊಕ್ಕೆಗಳಿಗೆ ಕುತ್ತಿಗೆ ಸಿಕ್ಕಿಸಿ ತೂಗುಹಾಕಿದ ಬಾತುಗಳು, ತಲೆ ಸಮೇತ, ಹೊಸದಾಗಿ ಅರಗೆಣ್ಣೆ ಬಳಿದ ವೀಣೆಯಂತೆ ಮಿರಮಿರನೆ ಹೊಳೆಯುತ್ತಿದ್ದವು. ಉಪಮಾನ ಸರಿಯಿಲ್ಲವೆಂದು ನನಗೂ ಗೊತ್ತು. ಆದರೆ ಆ ಬಣ್ಣಕ್ಕೆ ಬೇರೆ ಹೋಲಿಕೆ ತೋಚದು.

ಪ್ರತಿದಿನ ಸಂಜೆ ನಾವು ಆ ಅಂಗಡಿಯನ್ನು ಹಾದುಹೋಗಬೇಕಾಗಿತ್ತು. ಪೆಟ್ಟಿಗೆಯ ಹಿಂದೆ ಅರುವತ್ತೈದು ದಾಟಿದ ಒಬ್ಬ ಹೆಂಗಸು, ಹುಣಸೆಮರದ ಕೊರಡಿನ ಮೇಲೆ ಅಗಲವಾದ ಮಚ್ಚುಗತ್ತಿಯಿಂದ ಟಪಟಪನೆ ಬಾತು ಕತ್ತರಿಸುತ್ತ ನಿಂತಿರುತ್ತಿದ್ದಳು. ನನ್ನ ಮಗನನ್ನು ಕಂಡೊಡನೆ ಕತ್ತಿ ಕೆಳಗಿಟ್ಟು ನಗುತ್ತಿದ್ದಳು. ಇವನು ಅವಸರವಸರವಾಗಿ ಕೈ ಮುಗಿದು, ನನ್ನ ತೋಳು ಹಿಡಿದು, ರಸ್ತೆಯ ಆಚೆ ಪಕ್ಕಕ್ಕೆ ದಾಟಿಸುತ್ತಿದ್ದ. ಬಾತಿನ ವಾಸನೆ ನನಗೆ ತಗಲಬಾರದೆಂಬ ಎಚ್ಚರಿಕೆ ಎಂದುಕೊಂಡೆ. ನಮ್ಮದು ಮಾಂಸ ಮುಟ್ಟದ ಮನೆ. ತುಮಕೂರಿನಲ್ಲಿ ಓದುತ್ತಿದ್ದಾಗ ಮಿಲಿಟರಿ ಹೋಟೆಲಿನ ಮುಂದೆ ನಾನು ಉಸಿರು ಬಿಗಿಹಿಡಿದು ನಡೆಯುತ್ತಿದ್ದೆ. ಮಗ ಅದನ್ನು ಕಥೆಯಾಗಿ ಕೇಳಿದ್ದವನು. ಆದರೆ ಮೂವತ್ತೆರಡು ವರ್ಷ ಹುಡುಗರ ನಡುವೆ ಬಾಳಿದವನಿಗೆ ಒಂದು ವಿದ್ಯೆ ಬಂದಿರುತ್ತದೆ. ಹುಡುಗ ಯಾವಾಗ ತನ್ನ ಪಾಡಿಗೆ ರಸ್ತೆ ದಾಟುತ್ತಾನೆ, ಯಾವಾಗ ಏನನ್ನೊ ತಪ್ಪಿಸಿಕೊಳ್ಳಲು ದಾಟುತ್ತಾನೆ ಎಂಬುದು ಬೆನ್ನು ನೋಡಿದರೇ ತಿಳಿಯುತ್ತದೆ. ಐದನೆಯ ದಿನ ಸಂಜೆ ನಾನು ದಾಟಲಿಲ್ಲ.

“ಈ ಹೊತ್ತು ಇಲ್ಲೇ ಊಟ” ಎಂದೆ.

“ಅಪ್ಪಾ, ಇಲ್ಲಿ ನಿಮಗೆ ಏನೂ ಸಿಗೋದಿಲ್ಲ. ಇದು ಬಾತಿನ ಅಂಗಡಿ.”

“ಅನ್ನ ಸಿಗುತ್ತೊ ಇಲ್ಲವೊ? ಆಕೆ ದಿನಾ ನಗುತ್ತಾಳೆ, ನಾವು ದಿನಾ ಓಡಿಹೋಗುತ್ತೇವೆ. ಇದೆಂಥ ಮರ್ಯಾದೆ?”

ನನ್ನನ್ನು ಮೂಲೆಯ ಮೇಜಿನಲ್ಲಿ ಕೂರಿಸಿ, ಆಕೆಗೆ ಏನೊ ಹೇಳಲು ಅವನು ಒಳಗೆ ಹೋದ. ಇತ್ತ ಒಬ್ಬ ಚಿಕ್ಕ ಹುಡುಗಿ ಚಿತ್ರಗಳಿದ್ದ ತಿಂಡಿಪಟ್ಟಿ ತಂದು ನನ್ನ ಮುಂದೆ ಹಿಡಿದಳು. ಮೊದಲ ಪುಟದ ತುಂಬ ಅನ್ನ, ಅನ್ನದ ಮೇಲೆ ಬಾತಿನ ಹೋಳು. ಈ ಭಕ್ಷ್ಯಕ್ಕೆ ಅಲ್ಲಿ ‘ಖಾವ್ ನಾ ಪೆತ್’ ಎಂದು ಹೆಸರು. ಖಾವ್ ಎಂದರೆ ಅನ್ನ, ನಾ ಎಂದರೆ ಮುಖ, ಪೆತ್ ಎಂದರೆ ಬಾತು; ಬಾತಿನ ಮುಖವುಳ್ಳ ಅನ್ನ. ನಮ್ಮಲ್ಲಿ ವಾಂಗಿಬಾತ್ ಇರುವಂತೆ ಇದು ಬಾತುಬಾತ್. ಅದಕ್ಕೆ ತೆರಬೇಕಾದ ಅವರ ನಾಣ್ಯದ ಹೆಸರೂ ಬಾತ್! ಬಾತ್ ಕೊಟ್ಟು ಬಾತಿನ ಬಾತ್ ತಿನ್ನುವ ಈ ಊರಿನಲ್ಲಿ ಒಬ್ಬ ಕನ್ನಡ ಪಂಡಿತನ ಬುದ್ಧಿ ನೆಟ್ಟಗಿರುವುದು ಕಷ್ಟ.

ಪುಟ ತಿರುವಿದೆ. ಒಂದು ಬಟ್ಟಲಿನ ಚಿತ್ರ ಕಣ್ಣು ಸೆಳೆಯಿತು. ಕೆಂಪಗಿನ ಕಾಯಿಹಾಲಿನಲ್ಲಿ ಅನಾನಸು, ದ್ರಾಕ್ಷಿ, ಪುಟ್ಟ ಟೊಮೇಟೊ, ನಡುವೆ ಹಸಿರೆಲೆ. ಹಣ್ಣಿನ ಗೊಜ್ಜು! ಬೆರಳಿಟ್ಟು ತೋರಿಸಿದೆ. ಹುಡುಗಿ, “ಫೆತ್ ಮೈ?” ಎಂದು ಕೇಳಿದಳು.

ಇಲ್ಲಿ ಸ್ವಲ್ಪ ವ್ಯಾಕರಣ ಹೇಳಬೇಕು, ಓದುಗರು ಕ್ಷಮಿಸಬೇಕು. ಅವರ ಭಾಷೆಯಲ್ಲಿ ‘ಮೈ’ ಕಡೆಗೆ ಬಂದರೆ ಪ್ರಶ್ನೆ, ಮೊದಲಿಗೆ ಬಂದರೆ ನಿಷೇಧ. ಉಚ್ಚಾರದ ಏರಿಳಿತವೂ ಬೇರೆ. ಇಷ್ಟನ್ನು ಮಗನಿಂದ ಕಲಿತಿದ್ದೆ. ‘ಪೆತ್’ ಎಂದರೆ ಬಾತು ಎಂಬುದನ್ನೂ ಕಲಿತಿದ್ದೆ. ಆದ್ದರಿಂದ ಈ ಹುಡುಗಿ ‘ಬಾತು ಹಾಕಲೆ?’ ಎಂದು ಕೇಳುತ್ತಿದ್ದಾಳೆಂದು ತಿಳಿದು, ಬೆನ್ನು ನೆಟ್ಟಗೆ ಮಾಡಿ, ತರಗತಿಯಲ್ಲಿ ಮಾತನಾಡುವ ಗಟ್ಟಿ ದನಿಯಲ್ಲಿ, “ಮೈ ಪೆತ್!” ಎಂದೆ. ಹುಡುಗಿ ತಲೆಯಾಡಿಸಿ ಹೋದಳು. ಪರಭಾಷೆಯಲ್ಲಿ ಧರ್ಮವನ್ನು ಉಳಿಸಿಕೊಂಡ ಸಂತೋಷದಲ್ಲಿ ನಾನು ನೀರು ಕುಡಿದೆ.

ಬಟ್ಟಲು ಬಂತು. ಅದರ ಜೊತೆಗೆ, ಯಾರೂ ಹೇಳದೆಯೇ, ನನ್ನ ಎದುರಿನ ಖಾಲಿ ಕುರ್ಚಿಯ ಮುಂದೆ ಇನ್ನೊಂದು ತಟ್ಟೆಯೂ ಬಂತು. ನಾನು ಅದನ್ನು ಗಮನಿಸಲಿಲ್ಲ. ಕಾಯಿಹಾಲಿನ ಪರಿಮಳ ಮೂಗಿಗೆ ಬಡಿದಿತ್ತು. ಚಮಚೆಯಲ್ಲಿ ಒಂದು ದ್ರಾಕ್ಷಿ, ಅದಕ್ಕಂಟಿಕೊಂಡ ಏನೊ ಒಂದು ಕಂದುಬಣ್ಣದ ಚೂರು, ಎತ್ತಿ ಬಾಯಿಯ ಬಳಿಗೆ ತಂದಿದ್ದೆ. ಒಳಗಿನಿಂದ ಓಡಿಬಂದ ಮಗ ಮಣಿಕಟ್ಟು ಹಿಡಿದುಕೊಂಡ.

“ಅಪ್ಪಾ, ಬೇಡಿ! ಅದು ಬಾತು.”

“ಬಾತು ಬೇಡವೆಂದೇ ಹೇಳಿದೆನಲ್ಲ!”

“ಏನಂತ ಹೇಳಿದಿರಿ?”

“ಮೈ ಪೆತ್.”

ಅವನ ಮುಖ ಹೇಗೆ ಹೇಗೊ ಆಯಿತು. “ಅವಳು ಕೇಳಿದ್ದು ಪೆತ್ ಅಲ್ಲ ಅಪ್ಪಾ, ಫೆತ್. ಫೆತ್ ಅಂದರೆ ಖಾರ. ನೀವು ಖಾರ ಬೇಡ ಅಂದಿರಿ ಅಂತ ತಿಳಿದುಕೊಂಡು, ಖಾರ ಕಡಮೆ ಮಾಡಿ ಬಾತಿನ ಸಾರು ತಂದಿದಾಳೆ. ಫಲ ಅಂತೀವಲ್ಲ, ಆ ಫ. ಮಹಾಪ್ರಾಣ.”

ಮಹಾಪ್ರಾಣ! ತುರುವೇಕೆರೆಯ ಸೀಮೆಯ ಸಾವಿರಾರು ಹುಡುಗರ ಕಿವಿ ಹಿಂಡಿ, ‘ಪಲ ಅಲ್ಲವೊ, ಫಲ, ದನ ಅಲ್ಲವೊ, ಧನ’ ಎಂದು ತಿದ್ದಿದ ಈ ಕಿವಿಗೆ ಹೊರದೇಶದ ಒಂದು ಚಿಕ್ಕ ಹುಡುಗಿಯ ಮಹಾಪ್ರಾಣ ಕೇಳಿಸದೆ ಹೋಯಿತು. ಖಾರಕ್ಕೆ ಮಹಾಪ್ರಾಣ, ಬಾತಿಗೆ, ಪಾಪ, ಅಲ್ಪಪ್ರಾಣ. ಮೊದಲು ನಗೆ ಬಂದದ್ದು ನನಗೊ ಅವನಿಗೊ ತಿಳಿಯದು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಮೇ ತಿಂಗಳಾದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ನಗುತ್ತ ನಗುತ್ತ ಅವನು ಎದುರಿನ ಕುರ್ಚಿಯಲ್ಲಿ ಕುಳಿತ. ಆಗ ನನ್ನ ಕಣ್ಣು ಅವನ ಮುಂದಿದ್ದ ತಟ್ಟೆಯ ಮೇಲೆ ಬಿತ್ತು. ಅನ್ನ. ಅನ್ನದ ಮೇಲೆ ಒಂದೇ ಅಳತೆಯಾಗಿ ಕತ್ತರಿಸಿ ಹರವಿದ ಬಾತು. ಅದರ ಮೇಲೆ ಕಂದು ಗಸಿ, ಪಕ್ಕದಲ್ಲಿ ಸೌತೆಕಾಯಿ, ಉಪ್ಪಿನಲ್ಲಿ ಹಾಕಿದ ಶುಂಠಿ. ಇನ್ನೊಂದು ಪುಟ್ಟ ಬಟ್ಟಲಲ್ಲಿ, ಮೊದಲ ಪುಟದ ಚಿತ್ರದಲ್ಲಿ ಇಲ್ಲದ, ಹೆಚ್ಚು ಮೆಣಸಿನಕಾಯಿ ಹಾಕಿದ ಹುಳಿನೀರು. ಅಂದರೆ ಇದು ಒಬ್ಬ ಗೊತ್ತಾದ ಗಿರಾಕಿಗೆ, ಅವನ ನಾಲಗೆ ತಿಳಿದು, ಕೇಳದೆಯೇ ತಂದಿಡುವ ತಟ್ಟೆ.

“ಇದು ಯಾರದು?” ಎಂದೆ. ಕೇಳಬೇಕಾಗಿರಲಿಲ್ಲ.

ಅವನು ತಟ್ಟೆಯನ್ನು ಒಂದು ಬೆರಳಿನಿಂದ ಪಕ್ಕಕ್ಕೆ ಸರಿಸಿದ. ನನ್ನ ಮುಖ ನೋಡಲಿಲ್ಲ. ಮೂವತ್ತಾರು ವರ್ಷದ ಗಂಡಸು. ಏಳನೆಯ ತರಗತಿಯಲ್ಲಿ ಅಂಕಪಟ್ಟಿ ಬಚ್ಚಿಟ್ಟು ಸಿಕ್ಕಿಬಿದ್ದ ದಿನ ಹೀಗೆಯೇ ಕುಳಿತಿದ್ದ. ನನಗೆ ಕೋಪ ಬಂತೆ ಎಂದು ಕೇಳಿದರೆ, ಬಂತು. ಬಾತು ತಿಂದನೆಂದಲ್ಲ, ಅಥವಾ ಅದಕ್ಕೂ ಹೌದು. ಎಂಟು ವರ್ಷ ಭಾನುವಾರ ಭಾನುವಾರ “ಅನ್ನ, ತೊವ್ವೆ, ಮೊಸರು” ಎಂದು ಒಪ್ಪಿಸಿದ್ದನಲ್ಲ, ಅದಕ್ಕೆ. ಅವನ ತಾಯಿ ಆ ಉತ್ತರ ಕೇಳಿ ಸಮಾಧಾನದಿಂದ ಫೋನು ಇಡುತ್ತಿದ್ದಳು.

ಅಷ್ಟರಲ್ಲಿ ಆ ಮುದುಕಿಯೇ ಬಂದಳು. ಕೈ ಒರೆಸಿಕೊಂಡು, ನಮ್ಮಂತೆಯೇ ಅಂಗೈ ಜೋಡಿಸಿ ನಮಸ್ಕರಿಸಿದಳು. ಮಗ ಆಕೆಯನ್ನು ‘ಪಾ’ ಎನ್ನುತ್ತಿದ್ದ, ಹಾಗೆಂದರೆ ದೊಡ್ಡಮ್ಮ. ನಾನು ಖ್ರೂ ಎಂದು ತಿಳಿದೊಡನೆ ಇನ್ನೊಮ್ಮೆ, ಇನ್ನಷ್ಟು ಬಾಗಿ, ಕೈ ಮುಗಿದಳು. ಆಮೇಲೆ ಎದುರಿಗೆ ನಿಂತು ಏನೇನೊ ಹೇಳತೊಡಗಿದಳು. ನನ್ನನ್ನು ತೋರಿಸಿದಳು, ಮಗನನ್ನು ತೋರಿಸಿದಳು, ಬೆರಳು ಮಡಿಸಿ ಏನನ್ನೊ ಎಣಿಸಿದಳು, ಗೋಡೆಯ ಮೇಲಿನ ಅಟ್ಟಣಿಗೆಯತ್ತ ಕೈ ಮಾಡಿದಳು. ಕಣ್ಣು ಒದ್ದೆಯಾಗಿತ್ತು. ಎರಡು ನಿಮಿಷವಾದರೂ ಮಾತನಾಡಿರಬೇಕು.

“ಏನಂತೆ?” ಎಂದೆ.

“ನಿಮ್ಮನ್ನು ನೋಡಿ ಸಂತೋಷವಾಯಿತಂತೆ.”

ಎರಡು ನಿಮಿಷದ ಮೂಲಕ್ಕೆ ಮೂರು ಪದದ ಅನುವಾದ! ಪರೀಕ್ಷೆಯಲ್ಲಾಗಿದ್ದರೆ ಸೊನ್ನೆ ಹಾಕುತ್ತಿದ್ದೆ. ಆಕೆಯ ಮಾತಿನ ನಡುವೆ ಒಂದು ಪದ ಎರಡು ಸಲ ಬಂದದ್ದು ನನ್ನ ಕಿವಿಯಲ್ಲಿ ನಿಂತಿತ್ತು: ‘ಮಂಗ್ಸವಿರತ್’. ಇದಕ್ಕೆ ಧಾತು ಹುಡುಕಬೇಕಾಗಿರಲಿಲ್ಲ. ಮಾಂಸ, ವಿರತಿ.

“ಮಾಂಸವಿರತಿ ಎಂದರಲ್ಲ. ಯಾರ ವಿಷಯ ಅದು? ನನ್ನದೊ?”

ಅವನು ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ. ಆ ವಾರ ಬ್ಯಾಂಕಾಕಿನಲ್ಲೂ ರೋಗದ ಕಾಟ ಹೆಚ್ಚಿ, ಹೋಟೆಲುಗಳಲ್ಲಿ ಕುಳಿತು ಉಣ್ಣಕೂಡದೆಂದು ಕಟ್ಟು ಮಾಡಿದ್ದರು. ಕಟ್ಟಿಸಿಕೊಂಡು ಮನೆಗೆ ಒಯ್ಯಬೇಕಾಗಿತ್ತು. ತಾಯಿ ಹೋದ ದಿನ ಅವನು ಏನೂ ತಿನ್ನಲಿಲ್ಲ. ಮರುದಿನ ಸಂಜೆ ಇಳಿದು ಬಂದು ಈ ಅಂಗಡಿಯ ಮುಂದೆ ನಿಂತ. ವಾಡಿಕೆಯಂತೆ ಆಕೆ ಬಾತು ಕತ್ತರಿಸಲು ಹೊರಟಳು. ಬೇಡ, ಬರಿಯ ಅನ್ನ ಕೊಡಿ, ಇನ್ನು ಹನ್ನೊಂದು ದಿನ ನನಗೆ ಮಾಂಸವಿರತಿ ಎಂದ. ಏಕೆಂದು ಆಕೆ ಕೇಳಿದಳು. ಹೇಳಿದ.

ಚೀಣೀ ಮೂಲದವರಿಗೆ ಅಲ್ಲಿ ಒಂದು ವ್ರತವಿದೆ. ಅವರ ಒಂಬತ್ತನೆಯ ಚಾಂದ್ರಮಾಸದಲ್ಲಿ ಒಂಬತ್ತು ದಿನ ಮಾಂಸ ಬಿಡುತ್ತಾರೆ. ನೀರುಳ್ಳಿ ಬೆಳ್ಳುಳ್ಳಿಗಳನ್ನೂ ಬಿಡುತ್ತಾರೆ. ‘ಜೇ’ ಎಂದು ಕೆಂಪಕ್ಷರ ಬರೆದ ಹಳದಿ ಬಾವುಟಗಳು ಆಗ ಬೀದಿ ತುಂಬ ಹಾರುತ್ತವೆ. ಆ ಒಂಬತ್ತು ದಿನದ ಅಡಿಗೆಗೆ ಈ ಮುದುಕಿಯ ಮನೆಯಲ್ಲಿ ಬೇರೆ ಪಾತ್ರೆ. ಉಳಿದ ಕಾಲದಲ್ಲಿ ಅದು ಅಟ್ಟಣಿಗೆಯ ಮೇಲೆ, ಕಾಗದ ಸುತ್ತಿಕೊಂಡು ಕುಳಿತಿರುತ್ತದೆ. ಅಂದು ಆಕೆ ಮೇ ತಿಂಗಳಿನಲ್ಲಿ, ಅಕಾಲದಲ್ಲಿ, ಆ ಪಾತ್ರೆಯನ್ನು ಇಳಿಸಿದಳಂತೆ. ಹನ್ನೊಂದು ದಿನವೂ ಅದರಲ್ಲಿ ಬೇರೆ ಅನ್ನ 마ಡಿ, ಸೊಪ್ಪು ಬೇಯಿಸಿ, ಮನೆಯ ಬಾಗಿಲಿಗೆ ಕಳುಹಿಸಿದಳಂತೆ. ದುಡ್ಡು ಮುಟ್ಟಲಿಲ್ಲವಂತೆ.

ಅದೇ ಹನ್ನೊಂದು ದಿನ ಅಮ್ಮಸಂದ್ರದಲ್ಲಿ, ರೋಗಕ್ಕೆ ಹೆದರಿ ಯಾರೂ ಒಳಗೆ ಕಾಲಿಡದಿದ್ದರೂ, ನಮ್ಮ ನೆರೆಯ ಮನೆಯವರು ಅನ್ನ ಸಾರು ತಂದು ಗೇಟಿನ ಬಳಿಯ ಕಲ್ಲಿನ ಮೇಲಿಟ್ಟು, ಕೂಗಿ ಹೇಳಿ ಹೋಗುತ್ತಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಅವರಿಗೆ ಯಾರು ನೆನಪಿಸಬೇಕಾಗಿತ್ತು? ಆ ಅನ್ನವನ್ನು ಉಂಡ ಬಾಯಿಂದಲೇ ನಾನು ‘ಅಲ್ಲಿ ಎಲ್ಲ ಯಥಾಪ್ರಕಾರ’ ಎಂದು ಫೋನಿನಲ್ಲಿ ಅಂದದ್ದು.

“ಇದನ್ನು ಏಕೆ ಹೇಳಲಿಲ್ಲ? ಅವತ್ತೇ ಹೇಳಬಹುದಾಗಿತ್ತಲ್ಲ?” ಎಂದೆ.

“ಹೇಗೆ ಹೇಳಲಿ ಅಪ್ಪಾ? ಹನ್ನೊಂದು ದಿನ ಬಿಟ್ಟಿದ್ದೆ ಅಂತ ಹೇಳಬೇಕಾದರೆ, ಹನ್ನೆರಡನೆಯ ದಿನ ತಿಂದೆ ಅಂತಲೂ ಹೇಳಬೇಕಾಗುತ್ತಿತ್ತು.”

ಮುದುಕಿ ನಮ್ಮಿಬ್ಬರ ಮುಖವನ್ನೂ ನೋಡುತ್ತ ನಿಂತಿದ್ದಳು. ಏನು ತಿಳಿದುಕೊಂಡಳೊ, ನನ್ನ ಮುಂದಿದ್ದ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದಳು. ಸ್ಟೂಲು ಎಳೆದ ಸದ್ದು, ಕಾಗದ ಹರಿದ ಸದ್ದು ಕೇಳಿಸಿತು. ಇಣುಕಿ ನೋಡಿದೆ. ಅಟ್ಟಣಿಗೆಯಿಂದ ಒಂದು ಅಲ್ಯೂಮಿನಿಯಂ ಪಾತ್ರೆ ಇಳಿಯುತ್ತಿತ್ತು. ನಮ್ಮ ಮನೆಯಲ್ಲಿ ಮೂರು ಸೇರು ಹಾಲು ಕಾಯಿಸುವ ಪಾತ್ರೆಯಷ್ಟು ದೊಡ್ಡದು, ಒಂದು ಕಿವಿ ಸೊಟ್ಟಗಾಗಿದೆ. ಮೂರು ನೀರಿನಲ್ಲಿ ತೊಳೆದಳು. ನಾನು ಎಣಿಸಿದೆ.

ಅರ್ಧ ಗಂಟೆಯ ಮೇಲೆ ನನಗೆ ಊಟ ಬಂತು. ಬಿಸಿ ಅನ್ನ, ಕಾಯಿಹಾಲಿನಲ್ಲಿ ಬೇಯಿಸಿದ ಪುಟ್ಟ ಬದನೆಕಾಯಿ, ತೋಫುವಿನ ಚೂರು, ನಮಗೆ ಗುರುತಿಲ್ಲದ ಒಂದು ಸೊಪ್ಪು. ಅಲ್ಲಿ ಉಪ್ಪಿನ ಬದಲು ಎಲ್ಲದಕ್ಕೂ ಹಾಕುವ ಮೀನಿನ ರಸ ಇದರಲ್ಲಿಲ್ಲವೆಂದು ಮಗ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡ. ನಮ್ಮ ಶಾವಿಗೆಯ ಕಾಯಿಹಾಲಿನ ರುಚಿ ಇದಲ್ಲ. ಇದಕ್ಕೆ ನಿಂಬೆಎಲೆಯ ಘಮ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ, ನಡುವೆ ಖಾರ. ಮಹಾಪ್ರಾಣದ ಖಾರವೇ. ನನಗೆ ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೊಂದು ಒಳ್ಳೆಯ ನೆಪವಾಯಿತು.

ಎರಡು ತುತ್ತು ಉಂಡ ಮೇಲೆ ನೋಡುತ್ತೇನೆ, ಮಗನ ತಟ್ಟೆ ಪಕ್ಕಕ್ಕೆ ಸರಿಸಿದಲ್ಲಿಯೇ ಇದೆ. ಗಸಿ ಹೆಪ್ಪುಗಟ್ಟಿ ಅಂಚಿನಲ್ಲಿ ಬಿಳಿಯ ಗೆರೆ ಮೂಡಿದೆ. ಅವನು ನೀರಿನ ಲೋಟವನ್ನು ತಿರುಗಿಸುತ್ತ ಕುಳಿತಿದ್ದಾನೆ. ಅವನ ತಾಯಿ ಇದ್ದಿದ್ದರೆ ಏನು ಹೇಳುತ್ತಿದ್ದಳೊ ನನಗೆ ತಿಳಿಯದು. ಅವಳು ನನಗಿಂತ ನೇಮದವಳು. ಆದರೆ ಮಕ್ಕಳ ಮುಂದೆ ತಟ್ಟೆಯಲ್ಲಿ ಅನ್ನ ಆರುತ್ತಿರುವುದನ್ನು ಅವಳು ಯಾವತ್ತೂ ನೋಡಿ ಸುಮ್ಮನಿದ್ದವಳಲ್ಲ.

“ಆರಿಹೋಯಿತು ಕಣೊ. ತಿನ್ನು” ಎಂದೆ.

ಅವನು ನಂಬದವನಂತೆ ನೋಡಿದ. ನಾನು ನನ್ನ ಬದನೆಕಾಯಿಯ ಕಡೆ ತಿರುಗಿಕೊಂಡೆ. ಸ್ವಲ್ಪ ಹೊತ್ತಿನ ಮೇಲೆ ಎದುರಿನಿಂದ ಚಮಚೆಯ ಸದ್ದು ಕೇಳಿಸಿತು. ನಾನು ತಲೆಯೆತ್ತಲಿಲ್ಲ. ಉಸಿರನ್ನೂ ಬಿಗಿಹಿಡಿಯಲಿಲ್ಲ.

ಹೊರಡುವಾಗ ಅವನು ಹಣ ತೆಗೆಯಲು ಹೋದ. ತಡೆದು, ವಿಮಾನ ನಿಲ್ದಾಣದಲ್ಲಿ ಬದಲಾಯಿಸಿಕೊಂಡಿದ್ದ ಹೊಸ ನೋಟೊಂದನ್ನು ನಾನೇ ಮುದುಕಿಯ ಮುಂದೆ ಇಟ್ಟೆ. ಆಕೆ ಎಣಿಸಿ ಚಿಲ್ಲರೆ ಕೊಟ್ಟಳು. ಮಗ ಲೆಕ್ಕ ನೋಡಿ ನಕ್ಕ. ಎರಡು ಬಾತಿನ ಹಣವನ್ನು ಮಾತ್ರ ಹಿಡಿದುಕೊಂಡಿದ್ದಳು: ಅವನು ತಿಂದದ್ದು ಒಂದು, ನಾನು ಕಿವಿ ಕೇಳದೆ ತರಿಸಿದ್ದು ಒಂದು. ಪಾತ್ರೆಯ ಅನ್ನದ್ದು ತೆಗೆದುಕೊಂಡಿರಲಿಲ್ಲ.